ತೋಟದ ಪ್ರಥಮ ಚಿಕಿತ್ಸೆ ಪೆಟ್ಟಿಗೆಗೆ ಬೀಗ ಬೇಡ

ಯಲಹಂಕದ ಆಚೆಗಿನ ಒಂದು ಹಳ್ಳಿ. ಹೆಸರು ಬೇಡ. ಶಾಲೆಯ ಹಿಂದಿನ ಅರ್ಧ ಎಕರೆ ಜಾಗದಲ್ಲಿ ಹದಿನಾಲ್ಕು ಮನೆಯ ಹೆಂಗಸರು ಸೇರಿ ತರಕಾರಿ ತೋಟ ಮಾಡಿದ್ದಾರೆ. ದಂಟು, ಸಬ್ಬಸಿಗೆ, ಹುರುಳಿಕಾಯಿ, ಬದನೆ. ಬೇಲಿಯ ಸುತ್ತ ನುಗ್ಗೆ ಮತ್ತು ಅಗಸೆ. ಈಚೆಗೆ ಪಕ್ಕದಲ್ಲಿ ಎದ್ದ ಅಪಾರ್ಟ್‌ಮೆಂಟಿನ ಕೆಲವರೂ ಭಾನುವಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬಂದು ಕಳೆ ಕೀಳುತ್ತಾರೆ. ಬಿಸಿಯೂಟದ ಸೊಪ್ಪು ಇಲ್ಲಿಂದಲೇ ಹೋಗುತ್ತದೆ. ಮೂರು ವರ್ಷದ ಹಿಂದೆ ಈ ತೋಟ ಪ್ರಾರಂಭವಾದ ದಿನ ಸಂಘಕ್ಕೆ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯೊಂದನ್ನು ಕೊಟ್ಟವನು ನಾನೇ. ಹಾರ ಹಾಕಿದರು, ಫೋಟೋ ತೆಗೆದರು.

ಹೋದ ವರ್ಷ ಕಾರ್ತೀಕದಲ್ಲಿ ಬದನೆ ಸಾಲಿಗೆ ಹೊದಿಕೆ ಹಾಕಲೆಂದು ಒಣಹುಲ್ಲಿನ ಮೆದೆಗೆ ಕೈಹಾಕಲು ಹೋದ ಹೆಣ್ಣುಮಗಳೊಬ್ಬಳ ಪಾದಕ್ಕೆ ಹಾವು ಕಡಿಯಿತು. ಕೂಗು ಕೇಳಿ ಓಡಿಬಂದವರು ಮೊಣಕಾಲಿನ ಕೆಳಗೆ ತೆಂಗಿನ ನಾರಿನ ಹಗ್ಗ ಬಿಗಿದರು. ಪೆಟ್ಟಿಗೆ ಎಲ್ಲಿ ಎಂದರೆ ಕಾರ್ಯದರ್ಶಿಯ ಮನೆಯಲ್ಲಿ, ಬೀಗ ಹಾಕಿ. ಕಾರ್ಯದರ್ಶಿ ಯಶವಂತಪುರದ ಯಾರ್ಡಿಗೆ ಹೋಗಿದ್ದರು. ಕೊನೆಗೆ ಕಲ್ಲಿನಿಂದ ಬೀಗ ಒಡೆದು ನೋಡಿದರೆ ಒಳಗೆ ಇದ್ದದ್ದು ಇಷ್ಟು: ಗಟ್ಟಿಯಾಗಿ ಹೋದ ಹತ್ತಿಯ ಉಂಡೆ, ಅವಧಿ ಮೀರಿದ ಮುಲಾಮು, ಮಕ್ಕಳ ಕೆಮ್ಮಿನ ಸಿರಪ್ಪು ಅರ್ಧ ಸೀಸೆ, ಸಂಘದ ರಸೀದಿ ಪುಸ್ತಕ, ಒಂದು ಬ್ಲೇಡು. ಆ ಬ್ಲೇಡಿನಿಂದ ಕಚ್ಚಿದ ಜಾಗವನ್ನು ಕೊಯ್ದು ರಕ್ತ ಹಿಂಡಿದರು.

ಕಡಿದದ್ದು ಕೊಳಕುಮಂಡಲ. ಅದರ ವಿಷ ರಕ್ತವನ್ನು ಹೆಪ್ಪುಗಟ್ಟಲು ಬಿಡುವುದಿಲ್ಲ. ಕೊಯ್ದ ಗಾಯ ಆಸ್ಪತ್ರೆ ಮುಟ್ಟುವ ತನಕ ಸೋರುತ್ತಲೇ ಇತ್ತು. ಆಕೆ ಹನ್ನೊಂದು ದಿನ ಮಲಗಿದ್ದು ಬದುಕಿ ಬಂದಳು. ಹಾವಿನ ವಿಷಕ್ಕೆ ಮದ್ದು ಇತ್ತು, ಹಗ್ಗ ಮತ್ತು ಬ್ಲೇಡು ಮಾಡಿದ ಹಾನಿ ಮಾಯುವುದಕ್ಕೇ ಎರಡು ತಿಂಗಳು ಹಿಡಿಯಿತೆಂದು ವೈದ್ಯರು ನನಗೆ ಹೇಳಿದರು. ಕತ್ತರಿಗೆ ಹಣ ಸಾಲದೆಂದು ಬ್ಯಾಂಡೇಜು ಕೊಯ್ಯುವುದಕ್ಕೆ ಆ ಬ್ಲೇಡನ್ನು ಪೆಟ್ಟಿಗೆಗೆ ಹಾಕಿದವನೂ ನಾನೇ. ಆದುದರಿಂದ ಈ ವಿಷಯದಲ್ಲಿ ನಾಲ್ಕು ಮಾತು ಬರೆಯುವ ಹೊಣೆ ನನ್ನದೆಂದು ತಿಳಿದಿದ್ದೇನೆ.

ಮೊದಲು ತೆಗೆದುಹಾಕಬೇಕಾದ್ದು

ಪೆಟ್ಟಿಗೆಗೆ ಏನು ಹಾಕಬೇಕೆಂದು ಎಲ್ಲರೂ ಕೇಳುತ್ತಾರೆ. ಏನು ಇರಬಾರದು ಎಂಬುದು ಅದಕ್ಕಿಂತ ಮುಖ್ಯವೆಂದು ನನ್ನ ಅಭಿಪ್ರಾಯ. ಬ್ಲೇಡು ಬೇಡ, ಬಿಗಿಯುವ ರಬ್ಬರ್ ಪಟ್ಟಿ ಬೇಡ. ಹಾವಿನ ಕಡಿತಕ್ಕೆ ಹಿಂದೆ ಹಚ್ಚುತ್ತಿದ್ದ ಪೊಟ್ಯಾಸಿಯಂ ಪರ್ಮಾಂಗನೇಟಿನ ಹರಳು ಬೇಡವೇ ಬೇಡ. ಯಾರದೋ ಮನೆಯಲ್ಲಿ ಉಳಿದ ಮಾತ್ರೆಗಳನ್ನು ತಂದು ಸುರಿಯುವುದೂ ಸಲ್ಲದು. ಮೈಕೈ ನೋವಿನ ಕೆಲವು ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸುತ್ತವೆ. ಮಂಡಲ ಕಡಿದವನಿಗೆ, ಡೆಂಗಿ ಜ್ವರದವನಿಗೆ ಅವನ್ನು ನುಂಗಿಸಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು.

ಇನ್ನೊಂದು ಅಪಾಯ ನಮ್ಮ ಮಾತಿನಲ್ಲೇ ಅಡಗಿದೆ. ನಾವು ಜ್ವರದ ಮಾತ್ರೆಯನ್ನೂ ಔಷಧಿ ಎನ್ನುತ್ತೇವೆ, ಹುಳುವಿಗೆ ಹೊಡೆಯುವ ವಿಷವನ್ನೂ ಔಷಧಿ ಎನ್ನುತ್ತೇವೆ. ದೇವನಹಳ್ಳಿ ಕಡೆಯ ಒಂದು ದ್ರಾಕ್ಷಿ ತೋಟದಲ್ಲಿ ‘ಔಷಧಿ ಪೆಟ್ಟಿಗೆ’ ಎಂದು ಬರೆದಿದ್ದ ಡಬ್ಬದೊಳಗೆ ಬ್ಯಾಂಡೇಜಿನ ಪಕ್ಕ ಅರ್ಧ ಮುಗಿದ ಕ್ರಿಮಿನಾಶಕದ ಶೀಷೆ ಕೂತಿದ್ದುದನ್ನು ನಾನೇ ಕಂಡಿದ್ದೇನೆ. ಇಟ್ಟವನ ತಪ್ಪೇನೂ ಇಲ್ಲ. ಬರೆದದ್ದನ್ನು ಓದಿ ಇಟ್ಟಿದ್ದಾನೆ. ಆದ್ದರಿಂದ ಪೆಟ್ಟಿಗೆಯ ಮೇಲೆ ‘ಪ್ರಥಮ ಚಿಕಿತ್ಸೆ’ ಎಂದೇ ಬರೆಸಿ. ಗುರುತು ಹಸಿರು ಬಣ್ಣದ ಮೇಲೆ ಬಿಳಿಯ ಕೂಡುಗೆರೆ ಇರಲಿ. ಬಿಳಿಯ ಮೇಲೆ ಕೆಂಪು ಗುರುತು ರೆಡ್‌ಕ್ರಾಸಿಗೂ ಸೇನೆಯ ವೈದ್ಯಕೀಯ ದಳಕ್ಕೂ ಮೀಸಲಾದದ್ದು, ಅದನ್ನು ಕಂಡವರೆಲ್ಲ ಬಳಸಲು ಕಾನೂನಿನಲ್ಲಿ ಅವಕಾಶವಿಲ್ಲ.

ಇರಬೇಕಾದ್ದು

ಒಳಗಿನ ಸಾಮಾನಿಗೆ ದೊಡ್ಡ ಪಟ್ಟಿ ಬೇಕಿಲ್ಲ. ಮೊಂಡು ತುದಿಯ ಕತ್ತರಿ, ಮುಳ್ಳು ತೆಗೆಯುವ ಚಿಮಟ, ರಬ್ಬರ್ ಕೈಗವಸು ನಾಲ್ಕು ಜೊತೆ, ಮೊಹರು ಮಾಡಿದ ಗಾಜುಬಟ್ಟೆಯ ಪೊಟ್ಟಣಗಳು, 4 ಅಂಗುಲ ಮತ್ತು 6 ಅಂಗುಲದ ಸುರುಳಿ ಬ್ಯಾಂಡೇಜು, ತೋಳಿಗೆ ಜೋಲಿ ಕಟ್ಟಲು ಎರಡು ಮುಕ್ಕೋನದ ಬಟ್ಟೆ, ಅಂಟುಪಟ್ಟಿ, ಪೊವಿಡೋನ್ ಅಯೋಡಿನ್, ಓ.ಆರ್.ಎಸ್. ಪೊಟ್ಟಣ, ಟಾರ್ಚು. ಮೊಣಕೈ ಉದ್ದದ್ದೊಂದು, ಕಾಲುದ್ದದ್ದೊಂದು ನುಣುಪಾದ ಮರದ ಪಟ್ಟಿ. ಇಷ್ಟಕ್ಕೆ ಏಳೆಂಟು ನೂರು ರೂಪಾಯಿ ಆದೀತು. ಇವುಗಳ ಜೊತೆಗೆ ಅಂಗಡಿಯವರು ಕೊಡದ ಎರಡು ವಸ್ತುಗಳಿವೆ: ಒಂದು ಸಾಬೂನು, ಇನ್ನೊಂದು ನಲ್ಲಿ. ನೀರಿನ ನಲ್ಲಿಯಿಂದ ಇಪ್ಪತ್ತು ಹೆಜ್ಜೆಯೊಳಗೆ ಪೆಟ್ಟಿಗೆ ಇಲ್ಲದಿದ್ದರೆ ಅದು ಅರ್ಧ ಪೆಟ್ಟಿಗೆಯೆಂದೇ ನಾನು ಲೆಕ್ಕ ಹಾಕುತ್ತೇನೆ.

ಏಕೆಂದರೆ ತೋಟದಲ್ಲಿ ಆಗುವ ಗಾಯಗಳಲ್ಲಿ ಬಹುಪಾಲಿಗೆ ನೀರೇ ಮೊದಲ ಮದ್ದು. ಕುಡುಗೋಲು ತಾಗಿದರೆ ನಮ್ಮ ಹೆಂಗಸರು ಅರಿಶಿನ ಒತ್ತುತ್ತಾರೆ, ಗಂಡಸರು ಕಾಫಿಪುಡಿ ಅಥವಾ ಬೀಡಿಯ ಬೂದಿ ಮೆತ್ತುತ್ತಾರೆ, ಯಾವುದೂ ಸಿಗದಿದ್ದರೆ ಮಣ್ಣು. ಈ ಭಾಗದ ಎಷ್ಟೋ ತೋಟಗಳು ಕೆರೆಗೆ ಹರಿದುಬರುವ ಊರ ಕೊಳಚೆ ಸೇರಿದ ನೀರಿನಿಂದ ಬೆಳೆಯುತ್ತಿವೆ. ಮಣ್ಣಿಗೆ ಹಸಿ ಸಗಣಿ, ಕಸದ ಗೊಬ್ಬರ ಸೇರಿದೆ. ಧನುರ್ವಾಯುವಿನ ರೋಗಾಣು ವಾಸಿಸುವುದು ಇಂಥ ಮಣ್ಣಿನಲ್ಲಿಯೇ. ರಕ್ತ ಜೋರಾಗಿ ಬರುತ್ತಿದ್ದರೆ ಶುದ್ಧ ಬಟ್ಟೆಯಿಟ್ಟು ಹತ್ತು ನಿಮಿಷ ಬಿಡದೆ ಒತ್ತಿ ಹಿಡಿಯಬೇಕು, ನಿಂತಿತೋ ಎಂದು ನಡುನಡುವೆ ಎತ್ತಿ ನೋಡಬಾರದು. ಸಣ್ಣ ಗಾಯವಾದರೆ ಸಾಬೂನು ನೀರಿನಿಂದ ತೊಳೆದು ಕಟ್ಟಿ, ಧನುರ್ವಾಯು ಚುಚ್ಚುಮದ್ದಿಗೆ ಕಳಿಸಬೇಕು. ಹೆಂಗಸರು ಬಸಿರಿನಲ್ಲಾದರೂ ಈ ಚುಚ್ಚುಮದ್ದು ತೆಗೆದುಕೊಂಡಿರುತ್ತಾರೆ. ವಯಸ್ಸಾದ ಗಂಡಸರನ್ನು ಕೇಳಿ ನೋಡಿ, ಬಾಲ್ಯದಿಂದೀಚೆಗೆ ಒಂದೂ ಇಲ್ಲ.

ನಾಯಿ ಕಚ್ಚಿದಾಗಲೂ ಹೀಗೆಯೇ. ಹರಿಯುವ ನೀರು ಮತ್ತು ಸಾಬೂನಿನಿಂದ ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ತೊಳೆಯಬೇಕು. ನಂತರ ಅದೇ ದಿನ ಲಸಿಕೆ. ಹುಚ್ಚುನಾಯಿ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವ ಆಸೆ ಇಲ್ಲವೆಂದೇ ಹೇಳಬೇಕು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಈ ರೋಗದ ಪತ್ತೆಗೆ ಅಂತರರಾಷ್ಟ್ರೀಯ ಮನ್ನಣೆ ಪಡೆದ ಪ್ರಯೋಗಾಲಯವಿದೆ. ಅಲ್ಲಿಂದ ಕೂಗಳತೆಯ ಊರುಗಳಲ್ಲಿ ಇಂದಿಗೂ ಕಚ್ಚಿದ ಗಾಯಕ್ಕೆ ಸುಣ್ಣ, ಮೆಣಸಿನಪುಡಿ ಹಚ್ಚುವವರಿದ್ದಾರೆ.

ಹಾವು

ಹಾವಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ನಮ್ಮ ದೇಶದಲ್ಲಿ ಸುಮಾರು 12 ಲಕ್ಷ ಜನ ಹಾವು ಕಡಿತದಿಂದ ಸತ್ತಿರಬೇಕೆಂದು 2020ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜು ಮಾಡಿದೆ. ವರ್ಷಕ್ಕೆ 58,000. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಯವರು. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆಯೆಂದು ಘೋಷಿಸಿತು. ಇದರಂತೆ ಸರ್ಕಾರಿ, ಖಾಸಗಿ ಆಸ್ಪತ್ರೆಗಳೆರಡೂ ಪ್ರತಿ ಪ್ರಕರಣವನ್ನೂ ವರದಿ ಮಾಡಬೇಕು.

ನಗರ ಬೆಳೆದಂತೆ ಹಾವು ಕಡಿಮೆಯಾಗುತ್ತದೆಂದು ಕೆಲವರ ನಂಬಿಕೆ. ಉತ್ತರ ಬೆಂಗಳೂರಿನಲ್ಲಿ ನಾನು ಕಾಣುತ್ತಿರುವುದು ಬೇರೆ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ರಾಗಿ ಹೊಲ, ದ್ರಾಕ್ಷಿ ಚಪ್ಪರ ಹೋಗಿ ನಿವೇಶನಗಳಾದವು. ಕಟ್ಟದೆ ಬಿಟ್ಟ ನಿವೇಶನದಲ್ಲಿ ಪಾರ್ಥೇನಿಯಂ, ಕಟ್ಟಿದ ನಿವೇಶನದ ಮೂಲೆಯಲ್ಲಿ ಕಸ. ಕಸಕ್ಕೆ ಇಲಿ, ಇಲಿಗೆ ಹಾವು. ಅವುಗಳ ನಡುವೆ ಉಳಿದಿರುವ ತಂಪಾದ, ಮೆತ್ತನೆಯ ಹೊದಿಕೆಯ ಜಾಗವೆಂದರೆ ಈ ಸಮುದಾಯದ ತೋಟ! ಹೊದಿಕೆ ಹಾಕಿ ಎಂದು ನಾವೇ ಉಪದೇಶ ಮಾಡುತ್ತೇವೆ. ಹುಲ್ಲಿನ ಮೆದೆಯನ್ನು ದಾರಿಯಿಂದ ದೂರ ಒಟ್ಟಿ, ಕೈಗೆ ಮೊದಲು ಕೋಲು ಹಾಕಿ, ಕಾಲಿಗೆ ಗಂಬೂಟು ಹಾಕಿ ಎಂದು ಹೇಳುವುದನ್ನು ಮರೆಯುತ್ತೇವೆ.

ಕಡಿದಾಗ ಮಾಡಬೇಕಾದ್ದು ಕಡಿಮೆ, ಮಾಡಬಾರದ್ದೇ ಹೆಚ್ಚು. ಕಟ್ಟಬೇಡಿ, ಕೊಯ್ಯಬೇಡಿ, ಹೀರಬೇಡಿ, ಬೇರು ಅರೆದು ಕುಡಿಸಬೇಡಿ. ಕಡಿಸಿಕೊಂಡವರನ್ನು ಕೂರಿಸಿ ಅಥವಾ ಮಲಗಿಸಿ ಧೈರ್ಯ ಹೇಳಿ. ಕಾಲುಂಗುರ, ಬಳೆ, ಗೆಜ್ಜೆ, ಉಡುದಾರ ಬಾವು ಬರುವ ಮೊದಲೇ ತೆಗೆಯಿರಿ. ಮೂಳೆ ಮುರಿದಾಗ ಮಾಡುವಂತೆ ಕಾಲಿಗೆ ಮರದ ಪಟ್ಟಿಯಿಟ್ಟು ಸಡಿಲವಾಗಿ ಬ್ಯಾಂಡೇಜು ಸುತ್ತಿ, ನಡೆಸದೆ ಎತ್ತಿಕೊಂಡು ಹೋಗಿ. ಕಡಿದ ಗಂಟೆ ಎಷ್ಟೆಂದು ಚೀಟಿಯಲ್ಲಿ ಬರೆಯಿರಿ. ಹಾವನ್ನು ಹೊಡೆದು ಆಸ್ಪತ್ರೆಗೆ ಹೊತ್ತೊಯ್ಯುವ ಸಾಹಸ ಬೇಡ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ — ಈ ನಾಲ್ಕಕ್ಕೂ ಕೊಡುವ ಮದ್ದು ಒಂದೇ. ಮಂಡಲದ ವಿಷ ಏರಿದೆಯೇ ಎಂಬುದನ್ನು ವೈದ್ಯರು ಒಂದಿಷ್ಟು ರಕ್ತವನ್ನು ಒಣಗಿದ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಾಡಿಸದೆ ಇಟ್ಟು, ಹೆಪ್ಪುಗಟ್ಟಿತೇ ಎಂದು ನೋಡಿ ತಿಳಿಯುತ್ತಾರೆ.

ಕಟ್ಟುಹಾವಿನ ಬಗ್ಗೆ ಒಂದು ಮಾತು. ತೋಟ ಕಾಯಲು ನೆಲದ ಮೇಲೆ ಮಲಗುವವರನ್ನು ಅದು ರಾತ್ರಿ ಕಡಿಯುತ್ತದೆ. ನೋವಿಲ್ಲ, ಬಾವಿಲ್ಲ, ಗುರುತೂ ಸರಿಯಾಗಿ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಎತ್ತಲಾಗದು, ಮಾತು ತೊದಲುತ್ತದೆ. ಕುಡಿದಿದ್ದಾನೆಂದು ಬಿಟ್ಟುಬಿಟ್ಟವರಿದ್ದಾರೆ. ಕಾವಲಿನವನಿಗೆ ಒಂದು ಮಂಚ ಮತ್ತು ಸೊಳ್ಳೆಪರದೆ ಕೊಡುವುದನ್ನು ನಾನು ಪ್ರಥಮ ಚಿಕಿತ್ಸೆಯ ಖರ್ಚಿಗೇ ಸೇರಿಸುತ್ತೇನೆ.

ವಿಷಹರ ಚುಚ್ಚುಮದ್ದನ್ನೇ ಪೆಟ್ಟಿಗೆಯಲ್ಲಿ ಇಟ್ಟರಾಗದೇ ಎಂದು ಸಭೆಗಳಲ್ಲಿ ಕೇಳುವುದುಂಟು. ಆಗದು. ತಮಿಳುನಾಡಿನ ಇರುಳರ ಸಹಕಾರ ಸಂಘ ಹಾವುಗಳಿಂದ ತೆಗೆದ ವಿಷವನ್ನು ಅತಿ ಅಲ್ಪ ಪ್ರಮಾಣದಲ್ಲಿ ಕುದುರೆಗಳಿಗೆ ಕೊಟ್ಟು, ಅವುಗಳ ರಕ್ತದಿಂದ ತಯಾರಿಸುವ ಮದ್ದು ಇದು. ಕೆಲವರ ಮೈಗೆ ಅದೇ ಒಗ್ಗದೆ ಉಸಿರುಕಟ್ಟುತ್ತದೆ. ಅದನ್ನು ರಕ್ತನಾಳದ ಮೂಲಕ ಕೊಡಬೇಕು, ಪಕ್ಕದಲ್ಲಿ ವೈದ್ಯರು ಇರಬೇಕು. ನೀವು ಮಾಡಬಹುದಾದ್ದು, ಹತ್ತಿರದ ಯಾವ ಆಸ್ಪತ್ರೆಯಲ್ಲಿ ಅದು ಇದೆ, ರಾತ್ರಿ ಹೊತ್ತು ವೈದ್ಯರು ಇರುತ್ತಾರೆಯೇ ಎಂದು ಮಳೆಗಾಲಕ್ಕೆ ಮುಂಚೆ ಹೋಗಿ ವಿಚಾರಿಸಿ ಬರುವುದು. ಸಂಜೆ ಆರರ ಹೊತ್ತಿಗೆ ಹೆಬ್ಬಾಳದ ಮೇಲುಸೇತುವೆ ದಾಟುವುದು ಏನೆಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ದೊಡ್ಡ ಆಸ್ಪತ್ರೆಯೆಂದು ನಗರದೊಳಕ್ಕೆ ಓಡುವ ಮುನ್ನ ಯಲಹಂಕದಲ್ಲೇ ಮೊದಲ ಸೀಸೆ ಏರಿಸಬಹುದೇ ಎಂಬುದು ಗೊತ್ತಿದ್ದರೆ ಅದೇ ಪ್ರಾಣ ಉಳಿಸೀತು.

ಚೇಳಿನ ಬಗ್ಗೆಯೂ ಉದಾಸೀನ ಬೇಡ. ಕೆಂಪು ಚೇಳು ಕುಟುಕಿದ ಮಗುವಿಗೆ ಮೈಯೆಲ್ಲ ಬೆವರು, ಕೈಕಾಲು ತಣ್ಣಗೆ, ವಾಂತಿ ಕಂಡರೆ ಹೃದಯಕ್ಕೆ ಅಪಾಯ. ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ವೃತ್ತಿ ನಡೆಸಿದ ಡಾ. ಹಿಮ್ಮತರಾವ್ ಬಾವಸ್ಕರ್ ಅವರು ರಕ್ತದೊತ್ತಡಕ್ಕೆ ಕೊಡುವ ಪ್ರಾಜೋಸಿನ್ ಎಂಬ ಅಗ್ಗದ ಮಾತ್ರೆಯಿಂದ ಇಂಥ ಎಷ್ಟೋ ಮಕ್ಕಳನ್ನು ಉಳಿಸಬಹುದೆಂದು ತೋರಿಸಿಕೊಟ್ಟರು. ಅದನ್ನೂ ಕೊಡಬೇಕಾದವರು ವೈದ್ಯರೇ.

ಹೊಡೆಯುವ ‘ಔಷಧಿ’

ನಮ್ಮ ತೋಟದಲ್ಲಿ ವಿಷ ಹೊಡೆಯುವುದೇ ಇಲ್ಲ, ಎಲ್ಲ ಸಾವಯವ ಎಂದು ಸಂಘದವರು ಹೆಮ್ಮೆಯಿಂದ ಹೇಳುತ್ತಾರೆ. ಸಂತೋಷ. ಆದರೆ ಮೈಲುತುತ್ತ ಸಾವಯವದವರೂ ಬಳಸುವ ವಿಷವೇ. ಬೋರ್ಡೋ ದ್ರಾವಣಕ್ಕೆ ಅರಳಿಸುವ ಸುಣ್ಣದ ಒಂದು ಹನಿ ಕಣ್ಣಿಗೆ ಸಿಡಿದರೆ ದೃಷ್ಟಿ ಹೋಗಬಹುದು. ಅಲ್ಲದೆ ಹದಿನಾಲ್ಕು ಮನೆಯಲ್ಲಿ ಒಬ್ಬರ ಅಟ್ಟದ ಮೇಲಾದರೂ ಹಳೆಯ ಶೀಷೆ ಇದ್ದೇ ಇರುತ್ತದೆ. ಬದನೆಗೆ ಕಾಯಿಕೊರಕ ಬಿದ್ದ ದಿನ ಅದು ಸೆರಗಿನ ಮರೆಯಲ್ಲಿ ತೋಟಕ್ಕೆ ಬರುತ್ತದೆ. ಮೊನೊಕ್ರೊಟೊಫಾಸನ್ನು ತರಕಾರಿಗೆ ಬಳಸಬಾರದೆಂದು 2005ರಲ್ಲೇ ಆಜ್ಞೆಯಾಗಿತ್ತು. ಫೋರೇಟ್, ಡೈಕ್ಲೋರ್‌ವಾಸ್‌ಗಳು 2020ರ ಡಿಸೆಂಬರ್ ಕೊನೆಗೆ ನಿಂತವು. ಅಟ್ಟದ ಮೇಲಿನ ಶೀಷೆಗೆ ಈ ಆಜ್ಞೆಗಳು ತಲುಪಿಲ್ಲ.

ಶೀಷೆಯ ಮೇಲಿನ ತ್ರಿಕೋನವನ್ನು ಓದುಬಾರದವರೂ ಗುರುತಿಸಬಹುದು: ಕೆಂಪು ಅತ್ಯಂತ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಹಸಿರು ಎಂದರೆ ಕುಡಿಯಬಹುದೆಂದಲ್ಲ. ವಿಷದ ಲಕ್ಷಣ, ಪ್ರತಿವಿಷ, ಮೊದಲ ಆರೈಕೆಯನ್ನು ಶೀಷೆಯ ಜೊತೆಗಿನ ಚೀಟಿಯಲ್ಲಿ ಅಚ್ಚು ಹಾಕಬೇಕೆಂದು 1971ರ ನಿಯಮಗಳಲ್ಲೇ ಇದೆ. ಹಾಕುತ್ತಾರೆ ಕೂಡ, ಸಾಸಿವೆ ಕಾಳಿಗಿಂತ ಸಣ್ಣ ಅಕ್ಷರದಲ್ಲಿ.

ಮೈಮೇಲೆ ಚೆಲ್ಲಿದರೆ ಬಟ್ಟೆ ಕಳಚಿಸಿ ಸಾಬೂನು ಹಚ್ಚಿ ಧಾರಾಳವಾಗಿ ನೀರು ಸುರಿಯಬೇಕು. ಸುರಿಯುವವನು ಕೈಗವಸು ಹಾಕಿರಬೇಕು. ಕಣ್ಣಿಗೆ ಬಿದ್ದರೆ ರೆಪ್ಪೆ ಬಿಡಿಸಿ ಹಿಡಿದು ಹದಿನೈದು ಇಪ್ಪತ್ತು ನಿಮಿಷ ನಲ್ಲಿಯ ಕೆಳಗೆ. ಸಿಂಪರಣೆ ಮಾಡಿದವನಿಗೆ ಬಾಯಲ್ಲಿ ಜೊಲ್ಲು, ಅತಿ ಬೆವರು, ವಾಂತಿ, ಭೇದಿ, ಎದೆ ಬಿಗಿತ, ಕಣ್ಣಿನ ಪಾಪೆ ಸಾಸಿವೆಯಷ್ಟು ಚಿಕ್ಕದಾಗಿರುವುದು ಕಂಡರೆ ಬಿಸಿಲಿನ ಆಯಾಸವೆಂದು ಮಲಗಿಸಬೇಡಿ, ಕೂಡಲೇ ಸಾಗಿಸಿ. ನುಂಗಿದವನಿಗೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು, ತುಪ್ಪ, ಹುಣಸೆ ನೀರು ಹುಯ್ಯುವುದು ಎಲ್ಲವನ್ನೂ ನಿಲ್ಲಿಸಬೇಕು. ಕುಡಿಸಿದ್ದು ಶ್ವಾಸಕೋಶಕ್ಕೆ ಇಳಿದು ಸಾಯುವವರಿದ್ದಾರೆ. ಶೀಷೆಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಜೊತೆಯಲ್ಲೇ ಒಯ್ಯಿರಿ. ಯಾವ ವಿಷವೆಂದು ಗೊತ್ತಾಗದೆ ವೈದ್ಯರು ಕಳೆದುಕೊಳ್ಳುವ ಸಮಯ ಅದರಿಂದ ಉಳಿಯುತ್ತದೆ. ದೆಹಲಿಯ ಏಮ್ಸ್ ಸಂಸ್ಥೆಯ ವಿಷ ಮಾಹಿತಿ ಕೇಂದ್ರಕ್ಕೆ 1800 116 117ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನು ಮಾಡಬಹುದು, ಹಣ ಕೊಡಬೇಕಿಲ್ಲ.

ಬೀಗದ ವಿಚಾರ

ಇನ್ನು ಬೀಗ. ಬೀಗ ಇಲ್ಲದಿದ್ದರೆ ಸಾಮಾನು ಉಳಿಯುವುದಿಲ್ಲ ಎಂದು ಪ್ರತಿ ಸಂಘದಲ್ಲೂ ಹೇಳುತ್ತಾರೆ. ನಿಜ, ಉಳಿಯುವುದಿಲ್ಲ. ಶಾಲೆಯ ಹುಡುಗರು ಅಂಟುಪಟ್ಟಿ ಒಯ್ದು ಬ್ಯಾಟಿಗೆ ಸುತ್ತುತ್ತಾರೆ. ಯಾರೋ ಕತ್ತರಿಯನ್ನು ಮನೆಗೆ ಕೊಂಡುಹೋಗುತ್ತಾರೆ. ಹೋಗಲಿ. ವರ್ಷಕ್ಕೆ ಇನ್ನೂರು ಮುನ್ನೂರು ರೂಪಾಯಿ ನಷ್ಟವೆಂದು ಮೊದಲೇ ಲೆಕ್ಕದಲ್ಲಿ ಬರೆದುಕೊಳ್ಳಿ. ಬಿತ್ತನೆ ಬೀಜದಲ್ಲಿ ಇಲಿಗೆ ಹೋಗುವುದನ್ನು ನಾವು ಲೆಕ್ಕ ಹಿಡಿಯುವುದಿಲ್ಲವೇ? ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿ, ಪಂಪುಮನೆಯ ನೆರಳಿನ ಗೋಡೆಗೆ, ಕೊಂಡಿ ಮಾತ್ರ ಹಾಕಿ ತೂಗುಹಾಕಬೇಕು.

ಈ ವಿಷಯದಲ್ಲಿ ನನ್ನಂಥ ಅಧಿಕಾರಿಗಳ ಮೇಲೂ ದೂರು ಇದೆ. ಸ್ಪ್ರೇಯರಿಗೆ ಸಹಾಯಧನ ಬರೆದುಕೊಡುತ್ತೇವೆ, ಬೀಜದ ಕಿಟ್ಟು ಹಂಚುತ್ತೇವೆ. ಅದೇ ಕಡತದಲ್ಲಿ ಕೈಗವಸಿಗೂ ಕನ್ನಡಕಕ್ಕೂ ಜಾಗ ಕೇಳಿದರೆ ಆ ಬಾಬ್ತು ನಮ್ಮದಲ್ಲ, ಆರೋಗ್ಯ ಇಲಾಖೆಯದು ಎನ್ನುವ ಉತ್ತರ ನನಗೇ ಬಂದದ್ದುಂಟು. ಮುಂದಿನ ಮೇಜಿಗೆ ಹೋದರೆ ಪಂಚಾಯಿತಿಯದು. ಪೆಟ್ಟಿಗೆ ಕೊಟ್ಟ ದಿನದ ಫೋಟೋ ಎಲ್ಲ ಕಡತದಲ್ಲೂ ಇದೆ. ಆರು ತಿಂಗಳ ನಂತರ ತೆರೆದು ನೋಡಿದ ಟಿಪ್ಪಣಿ ಯಾವುದರಲ್ಲೂ ಇಲ್ಲ, ನನ್ನದರಲ್ಲೂ ಇರಲಿಲ್ಲ.

ಪೆಟ್ಟಿಗೆಯ ಮುಚ್ಚಳದ ಒಳಮಗ್ಗುಲಿಗೆ ಅಂಟಿಸುವ ಕಾಗದಕ್ಕೆ ಒಳಗಿನ ಸಾಮಾನಿನಷ್ಟೇ ಬೆಲೆಯಿದೆ. 108ಕ್ಕೆ ಫೋನು ಮಾಡಿದವರು ‘ತೋಟಕ್ಕೆ ಬನ್ನಿ’ ಎಂದರೆ ಆಂಬುಲೆನ್ಸಿನವನಿಗೆ ಯಾವ ತೋಟ? ತೋಟದ ವಿಳಾಸ, ಮುಖ್ಯ ರಸ್ತೆಯಿಂದ ತಿರುಗುವ ಗುರುತು, ವಿಷಹರ ಇರುವ ಆಸ್ಪತ್ರೆಯ ಹೆಸರು, ಕಾರು ಇರುವ ಇಬ್ಬರ ಫೋನು ನಂಬರು ದಪ್ಪಕ್ಷರದಲ್ಲಿ ಬರೆದಿರಬೇಕು. ಈಗ ಈ ಕಡೆ ತೋಟಗಳಲ್ಲಿ ಕೂಲಿಗೆ ಬರುವವರು ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು. ಊರಿಗೆ ಹೊಸಬರು. ಗುಡಾರದಲ್ಲಿ ಮಲಗುವವರೂ ಅವರೇ, ಕಟ್ಟುಹಾವಿಗೆ ಮೊದಲು ಸಿಗುವವರೂ ಅವರೇ. ಅವರಿಗೆ ಪೆಟ್ಟಿಗೆ ಎಲ್ಲಿದೆಯೆಂದು ಕೆಲಸಕ್ಕೆ ಬಂದ ದಿನವೇ ತೋರಿಸಬೇಕು.

ನಾನು ಮೊದಲು ಹೇಳಿದ ತೋಟದಲ್ಲಿ ಈಗ ಪೆಟ್ಟಿಗೆ ಪಂಪುಮನೆಯ ಗೋಡೆಯ ಮೇಲಿದೆ. ಅದನ್ನು ನೋಡಿಕೊಳ್ಳುವ ಹೊಣೆಯನ್ನು ಕಾರ್ಯದರ್ಶಿಗೆ ಕೊಡಲಿಲ್ಲ. ಹಾವು ಕಡಿಸಿಕೊಂಡ ಹೆಣ್ಣುಮಗಳೇ ಕೇಳಿ ವಹಿಸಿಕೊಂಡಳು. ಪ್ರತಿ ಅಮಾವಾಸ್ಯೆ, ತೋಟಕ್ಕೆ ರಜೆಯ ದಿನ, ತೆರೆದು ತಾರೀಖು ನೋಡಿ ನೋಟುಬುಕ್ಕಿನಲ್ಲಿ ಬರೆಯುತ್ತಾಳೆ. ಹೋದ ತಿಂಗಳು ನಾನು ಹೋದಾಗ ಪುಟ ತಿರುವಿ ನೋಡಿದೆ. ಎರಡು ಓ.ಆರ್.ಎಸ್. ಪೊಟ್ಟಣ, ಬಿಸಿಲಿಗೆ ತಲೆ ತಿರುಗಿದ ಅಪಾರ್ಟ್‌ಮೆಂಟಿನ ಯಜಮಾನರಿಗೆ. ಗಾಜುಬಟ್ಟೆ ಒಂದು, ಮುಳ್ಳು ಹೊಕ್ಕ ಹುಡುಗನಿಗೆ. ಕತ್ತರಿ ಕಾಣೆ, ಎಂದು ಎರಡು ಸಲ ಬರೆದಿತ್ತು. ಎರಡನೆಯ ಸಲದ ಕೆಳಗೆ ‘ಸಿಕ್ಕಿತು’ ಎಂದಿತ್ತು.